ಓ ಅನ್ನದ ಗಿರಣಿ

ನಾನು ಓದು ಬಿಟ್ಟಿದ್ದು 1971ರಲ್ಲಿ. ಓದು ನನ್ನನ್ನು ಬಿಟ್ಟಿದ್ದು ಅದಕ್ಕೂ ಮೊದಲೇ. ಇಚಲಕರಂಜಿಗೆ ಹೋಗಿ ವಿದ್ಯುತ್ ಮಗ್ಗಗಳಿಗೆ ವಾಯರು ಜೋಡಿಸಿ, ಬೈಸಿಕೊಂಡು ಕಲಿತು, ಕಡೆಗೆ ಕೊಲ್ಹಾಪುರದಲ್ಲಿ ಬಾಡಿಗೆಯ ಅಂಗಡಿ ಹಿಡಿದೆ. ಯಂತ್ರಗಳಿಗೆ ಸ್ವಿಚ್ಚಿನ ಪೆಟ್ಟಿಗೆ ಮಾಡುವುದರಲ್ಲಿ ನನ್ನಂಥವನಿಲ್ಲ ಎಂದು ಊರೇ ಹೇಳುತ್ತಿತ್ತು. ಊರೆಂದರೆ ನಾನೇ.

ಈ ಸೊಕ್ಕು ಇಳಿಸಲೆಂದೇ ದೇವರು ಗಡಹಿಂಗ್ಲಜದಲ್ಲಿ ನನಗೊಬ್ಬ ಸೋದರತ್ತೆಯನ್ನು ಇಟ್ಟಿದ್ದ. ಅತ್ತೆಗೆ ಯಂತ್ರಗಳೆಂದರೆ ಹೆದರಿಕೆಯಿಲ್ಲ, ಸಿಟ್ಟೂ ಇಲ್ಲ. ಅವಕ್ಕೆ ಮನೆಯಲ್ಲಿ ಯಾರೂ ನಡತೆ ಕಲಿಸಿಲ್ಲ ಎಂಬ ಕನಿಕರ, ಅಷ್ಟೇ. ಮಾಮ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿ ಅವಳೇ ನಡೆಸುತ್ತಿದ್ದಳು. ನಾನು ಪ್ರೀತಿಯಿಂದ ಹೊಸ ಪೆಟ್ಟಿಗೆ ಮಾಡಿ ಕೂಡಿಸಿದೆ. ಸಾಲು ಸಾಲು ಗುಂಡಿ, ಮೇಲೆ ಮೀಟರು. ಥೇಟ್ ವಿಮಾನದ್ದು! ವಿಮಾನ ನಾನು ನೋಡಿರಲಿಲ್ಲ, ಆ ಮಾತು ಬೇರೆ.

ಅತ್ತೆ ಅದಕ್ಕೆ ಕುಂಕುಮ ಹಚ್ಚಿದಳು. ಎಲ್ಲಕ್ಕಿಂತ ದೊಡ್ಡ ಗುಂಡಿಗೆ ಹಿಟ್ಟು ಸೋಸುವ ಸಾಣಿಗೆ ತೂಗುಹಾಕಿ, "ಇದೊಂದು ಛಲೋ ಮಾಡಿ ನೋಡ" ಅಂದಳು.

ಹಸಿರು ಗುಂಡಿ ಒತ್ತಿದರೆ ಮೋಟಾರು ತುಸು ತಡೆದು ಏಳುವಂತೆ ಮಾಡಿದ್ದೆ. ಅದು ನನ್ನ ಜಾಣತನ. ಅತ್ತೆ ಹಸಿರು ಒತ್ತಿದಳು. ಸದ್ದಿಲ್ಲ. ಕೆಂಪು ಒತ್ತಿದಳು, ಮತ್ತೆ ಹಸಿರು, ಮತ್ತೆ ಕೆಂಪು. ಮೋಟಾರು ಎದ್ದು, ಕೂತು, ಎದ್ದು, ಕಡೆಗೆ ಸುಟ್ಟ ವಾಸನೆ ಬಿಟ್ಟು ಮಲಗಿತು.

"ಅತ್ತಿ, ಒಮ್ಮೆ ಒತ್ತಿ ಸುಮ್ನ ನಿಂದ್ರಬೇಕ."

"ಒತ್ತಿದ್ದು ಅದಕ್ಕ ತಿಳೀತೋ ಇಲ್ಲೋ ನನಗ ಹೆಂಗ ಗೊತ್ತಾಗಬೇಕ? ಕರದರ ಓ ಅನ್ನಬೇಕಪಾ. ಓ ಅನ್ನಾಕ ಏನ ರೋಗ ಅದಕ್ಕ?"

ಅವಳ ಮೈದುನ ಕಟ್ಟೆಯ ಮೇಲೆ ಕೂತಿದ್ದ. "ವೈನಿ, ಇನ್ನೊಮ್ಮೆ ಮೋಟಾರ ಸುಟ್ಟರ ಕೀಲಿ ನನ್ನ ಕಡೆ ಕೊಡ್ರಿ. ಆಳ ಇಡ್ತೀನಿ. ನೀವು ಮನ್ಯಾಗ ಆರಾಮ ಇರ್ರಿ."

ಅತ್ತೆ ಸೊಂಟದ ಕೀಲಿಯನ್ನು ಸೆರಗಿನೊಳಗೆ ಸೇರಿಸಿದಳು. ಆರಾಮ ಎಂಬ ಶಬ್ದಕ್ಕೆ ಅವಳ ಮುಖ ಅಷ್ಟು ಕಪ್ಪಿಟ್ಟದ್ದನ್ನು ನಾನು ಮೊದಲು ನೋಡಿರಲಿಲ್ಲ.

ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಸಿ ಕೊಟ್ಟೆ. ಈ ಸಲ ಗೋಡೆಗೆ ದೊಡ್ಡ ಅಕ್ಷರದ ಸೂಚನೆಯನ್ನೂ ಅಂಟಿಸಿದೆ. ಮುಂದಿನ ವಾರ ಹೋದರೆ ಅದು ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಳವಾಗಿತ್ತು.

"ಯಾಕತ್ತಿ, ಓದಲಿಲ್ಲೇನ?"

"ಶಾಲಿ ಬಿಟ್ಟ ಓಡಿ ಬಂದಾಂವ, ನನಗ ಓದಾಕ ಹಚ್ತಿಯೇನೋ?"

ನಾನು ಮುಚ್ಚಳವನ್ನು ಡಬ್ಬಿಯ ಮೇಲೆ ಸರಿಮಾಡಿ ಇಟ್ಟೆ.

ಅತ್ತೆಗೆ ಗಿರಣಿಯೊಳಗಿನ ಕೆಲಸಕ್ಕಿಂತ ಹೊರಗಿನ ಕಟ್ಟೆಯ ಮೇಲೆ ಹೆಂಗಸರ ಜೊತೆ ಮಾತು ಹೆಚ್ಚು. ಸರಿ, ಗುಂಡಿಗಳೇ ಅವಳ ಹಿಂದೆ ತಿರುಗಲಿ ಎಂದು ಕೈಯಲ್ಲಿ ಹಿಡಿಯುವ ಸಣ್ಣ ಪೆಟ್ಟಿಗೆ ಮಾಡಿ, ಶಾಕ್ ಹೊಡೆಯದಂಥ ಉದ್ದನೆಯ ವಾಯರು ಕಟ್ಟಿದೆ. ಅತ್ತೆ ಅದನ್ನು ಕಟ್ಟೆಯ ಕೆಳಗಿಟ್ಟು ಮಾತಿಗೆ ಕೂತಳು. ಎದುರು ಮನೆಯ ಎಮ್ಮೆ ಬಂದು ಅದರ ಮೇಲೆ ಕಾಲಿಟ್ಟಿತು. ತುಸು ತಡೆದು ಗಿರಣಿ ಸುರುವಾಯಿತು.

ಮೈದುನ ನಗಲಿಲ್ಲ. "ನೋಡ್ರಿ, ಎಮ್ಮಿ ಒಮ್ಮೆ ಒತ್ತಿ ಸುಮ್ನ ನಿಂತತಿ" ಅಂದ.

ನನ್ನ ಸೂಚನೆಯನ್ನು ಅಕ್ಷರಶಃ ಪಾಲಿಸಿದ ಮೊದಲ ಗಿರಾಕಿ ಅದು. ಕೊನೆಯದೂ ಅದೇ.

ಕೊಲ್ಹಾಪುರಕ್ಕೆ ಮರಳುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಎಮ್ಮೆಯದೇ ಯೋಚನೆ. ಎಮ್ಮೆಗೆ ಉತ್ತರ ಬೇಕಿರಲಿಲ್ಲ. ಅತ್ತೆಗೆ ಬೇಕಿತ್ತು. ಪೆಟ್ಟಿಗೆಯನ್ನು ನಾನು ಮಾಡಿದ್ದು ಯಾರಿಗೆ?

ದೀಪಾವಳಿಯ ಹಿಟ್ಟಿನ ಗದ್ದಲಕ್ಕೆ ಮೊದಲು ವಿಮಾನವನ್ನು ಕಿತ್ತುಹಾಕಿದೆ. ಎರಡೇ ಗುಂಡಿ. ಒತ್ತಿದ ಕೂಡಲೇ ಒಂದು ದೀಪ, ಒಂದು ಸಣ್ಣ ಗಂಟೆ. ಸಾಣಿಗೆಗೆ ಬೇರೆ ಮೊಳೆ.

ಕಡಲೆಬೇಳೆಯ ಡಬ್ಬಿಗಳ ಸಾಲು ರಸ್ತೆಯವರೆಗೆ. ಮೈದುನ ಬಾಗಿಲಲ್ಲೇ ನಿಂತಿದ್ದ, ಕೀಲಿ ಇಸಿದುಕೊಳ್ಳಲು ತಯಾರಾಗಿ. ಅತ್ತೆ ಬೇಳೆ ಸುರಿದಳು, "ಚಾಲೂ ಮಾಡ್ಲೇನ?" ಎಂದು ಕೇಳಿ ಹಸಿರು ಒತ್ತಿದಳು.

ಟಿಣ್.

ಅತ್ತೆ ಕೈ ಹಿಂದಕ್ಕೆ ತೆಗೆದಳು. ಕೆಂಪಿನ ಕಡೆ ಕೈ ಹೋಗಲೇ ಇಲ್ಲ. ಮೋಟಾರು ಎದ್ದಿತು, ಬೀಸುಕಲ್ಲಿಗೆ ಹಾಕಿದ ಪಟ್ಟಾ ತಿರುಗಿತು. ಅವಳು ನಮ್ಮ ಕಡೆ ಬೆನ್ನು ಮಾಡಿ, ಇನ್ನೂ ಬೀಳದ ಹಿಟ್ಟನ್ನು ಮುಖದಿಂದ ಒರೆಸಿಕೊಳ್ಳತೊಡಗಿದಳು.

ಮೈದುನ ನನ್ನ ಕಿವಿಯ ಹತ್ತಿರ ಬಂದ. "ಅಣ್ಣ ಒಳಗ ಇರ್ತಿದ್ದ. ವೈನಿ ಕಾಳ ಸುರುವಿ ಚಾಲೂ ಮಾಡ್ಲೇನ ಅಂತ ಕೇಳ್ತಿದ್ರು. ಅಂವ ಓ ಅಂತಿದ್ದ. ಓ ಅಂದ ಮ್ಯಾಲನ ಪಟ್ಟಾ ತಿರಗತಿತ್ತು."

ಕೀಲಿಯ ಮಾತು ಅವನು ಮತ್ತೆ ಎತ್ತಲಿಲ್ಲ. ತನ್ನ ಮನೆಯ ಡಬ್ಬಿ ತಂದು ಸಾಲಿನ ಕೊನೆಗೆ ಪಾಳಿಗೆ ಇಟ್ಟ.

ಈಗ ನನ್ನ ಹತ್ತಿರ ಕೊಲ್ಹಾಪುರದ ಹೊರಗೆ ಶಿರೋಳಿಯಲ್ಲಿ ಸ್ವಂತದ ಶೆಡ್ಡು ಒಂದು, ಡ್ರಿಲ್ಲಿಂಗ್ ಮಷೀನು ಎರಡು, ಕೆಲಸಕ್ಕೆ ಐದು ಮಂದಿ, ಎಮ್ಮೆ ತುಳಿದ ಪೆಟ್ಟಿಗೆ ಒಂದು. ಗಡಹಿಂಗ್ಲಜದಲ್ಲಿ ಅತ್ತೆ ಒಬ್ಬಳು, ಸೊಂಟದಲ್ಲಿ ಕೀಲಿ.