ಇಪ್ಪತ್ತು ನಿಮಿಷ ಕುದಿಸಿದ ಕ್ರಾಪು ಮಿಷನ್ನು

ಸಾವಿರದ ಒಂಬೈನೂರ ಮೂವತ್ತೈದನೆಯ ಇಸವಿ, ಮಾಘ ಮಾಸದ ಒಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಮದ್ದೂರಿನ ನಮ್ಮ ಮನೆಯ ಜಗಲಿ. ಹಾಜರಿದ್ದವರು: ನಾನು, ನನ್ನ ಹೆಂಡತಿ ಲಕ್ಷ್ಮಮ್ಮ, ಕ್ಷೌರದ ಚಿಕ್ಕಣ್ಣ, ಮತ್ತು ಬೆಂಚಿನ ಕೆಳಗೆ, ರಗಳೆಗೆಲ್ಲ ಮೂಲವಾದ ನಾಯಿ ಟೈಗರ್.

ಹೀಗೆ ಗಂಟೆ, ಹಾಜರಿ ಬರೆದುಕೊಳ್ಳದೆ ನನಗೆ ಯಾವ ವಿಷಯವೂ ಶುರುವಾಗುವುದಿಲ್ಲ. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನಿಗೆ ಅಂಟಿದ ಕಾಯಿಲೆ ಇದು. ಸೀಸೆಗೊಂದು ಚೀಟಿ, ಚೀಟಿಗೊಂದು ತಾರೀಖು, ತಾರೀಖಿನ ಕೆಳಗೊಂದು ರುಜು. ಪಿಂಚಣಿ ಬಂದ ಮೇಲೆ ಅಡುಗೆಮನೆಯ ಜಾಡಿಗಳಿಗೂ ಚೀಟಿ ಅಂಟಿಸಿದೆ. "ಉಪ್ಪು ಅಂತ ಬರೆದಿದ್ದೀರಿ, ಸಂತೋಷ. ಮೂವತ್ತು ವರ್ಷ ನಾನು ಸಾರಿಗೆ ಹಾಕಿದ್ದು ಏನಂತ ಈಗ ಗೊತ್ತಾಯ್ತು" ಎಂದಳು ಲಕ್ಷ್ಮಮ್ಮ.

ಟೈಗರ್ ನಾವು ಬೇಕೆಂದು ತಂದ ನಾಯಿಯಲ್ಲ. ಕಾಲುವೆ ಕೆಲಸದ ಎಂಜಿನಿಯರೊಬ್ಬರು ಮಂಡ್ಯದಿಂದ ವರ್ಗವಾಗಿ ಹೋಗುವಾಗ "ಎರಡು ದಿನ ನೋಡಿಕೊಳ್ಳಿ" ಎಂದು ಬಿಟ್ಟುಹೋದರು. ಆ ಎರಡು ದಿನಕ್ಕೆ ಈಗ ಮೂರು ವರ್ಷ. ಮೈತುಂಬ ಕಂಬಳಿಯಂಥ ಕೂದಲು, ಕೂದಲು ತುಂಬ ಉಣ್ಣಿ. ಕತ್ತರಿ ಹಾಕಿದರೆ ಕತ್ತರಿಯೇ ಸಿಕ್ಕಿಕೊಳ್ಳುತ್ತಿತ್ತು. ಊರಿನ ಹುಡುಗರಿಗೆಲ್ಲ ಕ್ರಾಪಿನ ಹುಚ್ಚು ಹಿಡಿದಿದ್ದ ಕಾಲ ಅದು. ಆತಗೂರಿನ ಕಡೆಯಿಂದ ಬಂದು ಸಂತೆಮಾಳದ ಹೊಂಗೆಮರದಡಿ ಕೂರುತ್ತಿದ್ದ ಚಿಕ್ಕಣ್ಣ ಒಂದು ಕ್ರಾಪು ಮಿಷನ್ನು ಕೊಂಡಿದ್ದ. ಬುಧವಾರ ಟೈಗರಿಗೆಂದು ಅದನ್ನೇ ಎರವಲು ಕೇಳಿದೆ. ಅವನು ಮರದ ಸುತ್ತ ಒಮ್ಮೆ ನೋಡಿ, "ನಿಮ್ ಮಾತು ತೆಗ್ದಾಕಕ್ ಆಗಕಿಲ್ಲ ಸ್ವಾಮಿ. ಆದ್ರೆ ನಾಯಿಗೆ ಅಂತ ಒಬ್ಬರ್ಗೂ ಏಳ್ಬೇಡಿ" ಎಂದು ಮೆಲ್ಲಗೆ ಕೊಟ್ಟ.

ಹೇಳಲಿಲ್ಲ. ದೇವರಾಣೆಗೂ ನಾನು ಬಾಯಿ ಬಿಡಲಿಲ್ಲ.

ನಾಯಿಯ ಕೆಲಸ ಮುಗಿದ ಮೇಲೆ ಮಿಷನ್ನಿನ ಹಲ್ಲುಗಳಲ್ಲಿ ಸಿಕ್ಕಿದ್ದ ಕೂದಲನ್ನು ಬ್ರಷ್ಷಿನಿಂದ ಕೆರೆದೆ, ಸೀಮೆಎಣ್ಣೆಯಲ್ಲಿ ಅದ್ದಿದೆ, ಸೋಪುನೀರಿನಲ್ಲಿ ತೊಳೆದೆ. ಲಕ್ಷ್ಮಮ್ಮ ಅಡುಗೆಯ ಪಾತ್ರೆ ಕೊಡಲು ಒಪ್ಪದೆ ತೂತುಬೀಳುವ ಹಾಗಿದ್ದ ಹಳೆಯ ತಪ್ಪಲೆ ಕೊಟ್ಟಳು; ಅದರಲ್ಲಿ ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಕುದಿಸಿದೆ. ಸ್ಪಿರಿಟ್ಟಿನಲ್ಲಿ ಒರೆಸಿದೆ. ಎಣ್ಣೆ ಮಾತ್ರ ಮುಟ್ಟಿಸಲಿಲ್ಲ. ಎಣ್ಣೆಗೆ ಧೂಳು ಕೂರುತ್ತದೆ ಎಂಬುದು ನನ್ನ ಸಿದ್ಧಾಂತ. ಕೊನೆಗೆ ಬಿಳಿ ಬಟ್ಟೆಯ ಮೇಲೆ ಜಗಲಿಯ ಬಿಸಿಲಿಗಿಟ್ಟೆ. ಕೈ ತನ್ನಷ್ಟಕ್ಕೆ ತಾನೇ ಚೀಟಿ ಬರೆದು ಪಕ್ಕದಲ್ಲಿಟ್ಟಿತು: "ನಾಯಿಗೆ ಉಪಯೋಗಿಸಿದ್ದು. ಶುದ್ಧಿ ಮಾಡಿದೆ." ತಾರೀಖು, ರುಜು.

ಎದುರುಮನೆಯ ಶಿರಸ್ತೇದಾರ್ ನಂಜುಂಡಯ್ಯನವರು ನಿವೃತ್ತರು. ಓದಲು ಕಾಗದ ಸಿಗದೆ ಕಷ್ಟಪಡುತ್ತಿದ್ದವರು. ಓದಿದರು. ಸಂಜೆ ನಾನು ಮಿಷನ್ನನ್ನು ಚಿಕ್ಕಣ್ಣನಿಗೆ ಮುಟ್ಟಿಸುವ ಹೊತ್ತಿಗೆ ಸುದ್ದಿಯೂ ಪೇಟೆ ಮುಟ್ಟಿತ್ತು.

ಭಾನುವಾರ ಬೆಳಿಗ್ಗೆ ಚಿಕ್ಕಣ್ಣ ಬಂದವನು ಜಗಲಿಯ ಅಂಚಿನಲ್ಲಿ ಕುಕ್ಕರಿಸಿದ. "ಮೂರ್ ದಿನದಿಂದ ಒಂದ್ ತಲೆ ಬಂದಿಲ್ಲ ಕಣ್ ಸ್ವಾಮಿ. ಎಲ್ಲಾರೂ ಟೇಸನ್ ತಾವ ಇರೋನ್ ಅತ್ರ ಓಯ್ತಾವ್ರೆ. ನನ್ನ ಕಂಡ್ರೆ ಐಕ್ಳು ಬೊಗುಳ್ತವೆ. ಇಂಗೇ ಆದ್ರೆ ಪೆಟ್ಗೆ ಕಟ್ಕೊಂಡು ಊರ್ ಬುಡದೇಯ."

"ಕುದಿಸಿದ್ದೇನಪ್ಪ, ಇಪ್ಪತ್ತು ನಿಮಿಷ!" ಎಂದೆ.

"ಹಾಗಾದರೆ ನಿಮ್ಮ ತಲೆಗೇ ಹಾಕಿಸಿಕೊಳ್ಳಿ. ಊರೆಲ್ಲ ನೋಡಲಿ" ಎಂದಳು ಲಕ್ಷ್ಮಮ್ಮ, ಹೂವು ಕಟ್ಟುತ್ತ, ತಲೆ ಎತ್ತದೆ.

ಇಲ್ಲೊಂದು ನಿಜ ಒಪ್ಪಿಕೊಳ್ಳಬೇಕು. ನನ್ನ ಕೈ ತಲೆಯ ಮೇಲೆ ಹೋಯಿತು. ಬಾಯಿ, "ಇನ್ನೊಂದು ಸಲ ಕುದಿಸಿಬಿಡೋಣವೆ?" ಎಂದಿತು.

ಚಿಕ್ಕಣ್ಣ ನನ್ನ ಮುಖವನ್ನೇ ನೋಡಿದ. "ನಿಮ್ಗೇ ನಂಬ್ಕೆ ಇಲ್ವಲ್ಲ ಸ್ವಾಮಿ" ಎಂದ. ಮೂವತ್ತು ವರ್ಷದಲ್ಲಿ ಯಾವ ದೊಡ್ಡ ಡಾಕ್ಟರೂ ನನಗೆ ಹಾಗೆ ಛೀಮಾರಿ ಹಾಕಿರಲಿಲ್ಲ. ಎದ್ದು ಅಂಗವಸ್ತ್ರ ಹೊದ್ದು ಹೊರಟೆ.

ಹೊಂಗೆಮರದಡಿ ಮಣೆಯ ಮೇಲೆ ಕೂತಾಗ ಅರ್ಧ ಪೇಟೆ ನೆರೆದಿತ್ತು. ನಂಜುಂಡಯ್ಯನವರು ಕೊಡೆ ಹಿಡಿದು ಮುಂದೆಯೇ ನಿಂತಿದ್ದರು. ಮಿಷನ್ನು ಕಿವಿಯ ಮೇಲಿಂದ ಕಿರ್ ಕಿರ್ ಎಂದು ಹತ್ತಿ, ನಡುನೆತ್ತಿಗೆ ಬಂದು, ಕೂದಲನ್ನು ಕಚ್ಚಿ ನಿಂತಿತು. ಬಿಡದು. ನಾನು ಕೂಗಿದೆ.

"ಕಚ್ಬುಡ್ತು ಕಣ್ಲಾ! ನಾಯಿ ಗುಣ ಇನ್ನೂ ಓಗಿಲ್ಲ!" ಎಂದ ಗಾಡಿ ಹೊಡೆಯುವವನೊಬ್ಬ. ಜನ ಬಿದ್ದು ಬಿದ್ದು ನಕ್ಕರು.

ಚಿಕ್ಕಣ್ಣ ಬಗ್ಗಿ ನೋಡಿದ. "ಸ್ಪ್ರಿಂಗೆಲ್ಲ ತುಕ್ಕು ಇಡ್ದದೆ. ಕುದ್ಸುದ್ ಮ್ಯಾಕೆ ಎಣ್ಣೆ ಬುಟ್ಟಿದ್ರಾ ಸ್ವಾಮಿ?" ಮಿಷನ್ನನ್ನು ತಲೆಯ ಮೇಲೆ ಕಿರೀಟದಂತೆ ಹೊತ್ತುಕೊಂಡೇ ಇಲ್ಲವೆಂದೆ. ಅವನು ಪೆಟ್ಟಿಗೆಯಿಂದ ಎರಡು ತೊಟ್ಟು ಎಣ್ಣೆ ಬಿಟ್ಟು, ಅಲುಗಾಡಿಸಿ, ಬಿಡಿಸಿ, ಉಳಿದರ್ಧ ತಲೆಯನ್ನು ನುಣ್ಣಗೆ ಮುಗಿಸಿದ. ನನ್ನ ಸಿದ್ಧಾಂತ ಕೂದಲಿನ ಜೊತೆ ನೆಲಕ್ಕೆ ಬಿತ್ತು.

ನಂಜುಂಡಯ್ಯನವರು ನನ್ನ ನೆತ್ತಿಯನ್ನು ಕನ್ನಡಕ ಸರಿಪಡಿಸಿಕೊಂಡು ಪರೀಕ್ಷಿಸಿದರು. ಗಾಯವಿಲ್ಲ, ಕಜ್ಜಿಯಿಲ್ಲ. "ಸರಿ, ನಾನೂ ಕೂರುತ್ತೇನೆ" ಎಂದರು. ಚಿಕ್ಕಣ್ಣನ ಮುಖ ಅರಳಿತು. ಆದರೆ ಅವರು ಮಣೆಯ ಹತ್ತಿರ ಬಂದು ತಡೆದು ನಿಂತರು. "ನಾಯಿ ಆದಮೇಲೆ ಕುದಿಸಿದಿರಿ. ಈಗ ಕಾಂಪೌಂಡರ ತಲೆ ಆಗಿದೆ. ಕುದಿಸದೆ ನನಗೆ ಹಾಕೋದೆ?"

ಜನವೆಲ್ಲ ಹೌದು ಹೌದೆಂದಿತು. ನಾನು ಮನೆಯಿಂದ ಇದ್ದಿಲ ಒಲೆ, ತಪ್ಪಲೆ, ಗಡಿಯಾರ ತರಿಸಿದೆ. ಇಪ್ಪತ್ತು ನಿಮಿಷ ಕುದಿಸಿ, ಒರೆಸಿ, ಎಣ್ಣೆ ಬಿಟ್ಟು ಕೊಟ್ಟೆ. ಅವರ ಹಿಂದೆ ಗಾಡಿಯವನು, ಅವನ ಹಿಂದೆ ಅಂಗಡಿಯವರು. ಒಂದೊಂದು ತಲೆಗೂ ಒಂದೊಂದು ಕುದಿ. ಮಳವಳ್ಳಿ ಬಸ್ಸಿಗೆ ಹೊರಟಿದ್ದವರೊಬ್ಬರು ಸುದ್ದಿ ಕೇಳಿ ಬಸ್ಸು ಬಿಟ್ಟು ಕೂತರು. ಟೇಸನ್ನಿನವನ ಹತ್ತಿರ ಕುದಿಸುವವರಿಲ್ಲವಂತೆ.

ಸಂಜೆ ಆರು ಗಂಟೆಗೆ ಕೊನೆಯ ತಲೆ ಮುಗಿಯಿತು. ಮಿಷನ್ನನ್ನು ಕುದಿಸಿ, ಎಣ್ಣೆ ಬಿಟ್ಟು ಚಿಕ್ಕಣ್ಣನ ಪೆಟ್ಟಿಗೆಯಲ್ಲಿಟ್ಟು, ಒಲೆ ಆರಿಸಿದೆ. ಅವನು ಕೈಮುಗಿದು, ಸ್ವಲ್ಪ ಸಂಕೋಚದಿಂದಲೇ ಹೇಳಿದ: "ನಾಳೀಕೆ ಏಳು ಗಂಟ್ಗೇ ಬಂದ್ಬುಡಿ ಸ್ವಾಮಿ. ತಡ ಮಾಡ್ಬೇಡಿ."