ಎಡೆಯಾಗದ ವೈನು

ತಾಮ್ರದ ಹಂಡೆಗೆ ಗ್ರಾಮಾಫೋನಿನ ಕಹಳೆ ಬೆಸೆದು, ಎರಡು ಕಬ್ಬಿಣದ ಕೈ ಜೋಡಿಸಿ, ಮೇಲೆ ವಿಭೂತಿ ಹಚ್ಚಿ ಚನ್ನಮಲ್ಲಪ್ಪ ದೂರ ಸರಿದು ನಿಂತ. ಪಾಲಿಟೆಕ್ನಿಕ್ಕಿನಿಂದ ನಿವೃತ್ತನಾದ ಮೇಲೆ ಅವನ ಕೈಯಿಂದ ಮನೆಯ ಒಂದು ಪಾತ್ರೆಯೂ ಕ್ಷೇಮವಾಗಿ ಉಳಿದಿರಲಿಲ್ಲ.

"ಇದರ ಹೆಸರು ರಸಿಕ. ಊಟದ ವಾಸನಿ ಹಿಡಿದು ಯಾವ ವೈನ್ ಹೊಂದತೈತಿ ಅಂತ ಹೇಳತೈತಿ. ಇಡು ನಿನ್ನ ಎಣ್ಣಿಗಾಯಿ."

ಹೆಂಡತಿ ನೀಲಾಂಬಿಕೆ ಬಟ್ಟಲು ಮುಂದಿಟ್ಟಳು. ಕಹಳೆ ಬಗ್ಗಿ ಮೂಸಿತು.

"ಎಣ್ಣಿಗಾಯಿ. ಕೆಂಪು ವೈನ್. ಎಳ್ಳು ಚಲೋ ಹುರದಾರ."

"ಅಯ್ಯ, ಇದ್ಯಾಕ ನನ್ನ ಧ್ವನಿಯಾಗ ಮಾತಾಡತೈತ್ರಿ?"

"ಮೂಗೂ ನಿಂದ, ಧ್ವನಿನೂ ನಿಂದ. ಶ್ರಾವಣ ಪೂರ್ತಿ ನಿನ್ನ ಹಣಿಗೆ ತಂತಿ ಪಟ್ಟಿ ಕಟ್ಟಿದ್ದು ಮತ್ಯಾಕ?"

ಅವರ ಮನೆಯಲ್ಲಿ ದೇವರಿಗೆ ಎಡೆ ಹಿಡಿಯುವ ತನಕ ಅಡುಗೆ ಮಾಡಿದವಳೂ ಅದನ್ನು ನಾಲಿಗೆಗೆ ಹಚ್ಚುವಂತಿಲ್ಲ. ಹಾಗಾಗಿ ಉಪ್ಪು, ಹುಳಿ, ಖಾರ ಎಲ್ಲವನ್ನೂ ನೀಲಾಂಬಿಕೆ ಮೂಗಿನಿಂದಲೇ ಅಳೆಯುತ್ತಿದ್ದಳು. ಒಂದೊಂದು ವಾಸನೆಗೆ ಅವಳ ತಲೆಯಲ್ಲಿ ಏನೇನು ಏಳುತ್ತದೋ ಅದನ್ನೆಲ್ಲ ಆ ಪಟ್ಟಿ ರಸಿಕನಿಗೆ ಕಲಿಸಿತ್ತು. ವೈನಿನ ಪಾಠವನ್ನು ಚನ್ನಮಲ್ಲಪ್ಪ ಪುಸ್ತಕ ನೋಡಿ ಹೇಳಿಕೊಟ್ಟಿದ್ದ. ಗಂಡ ಹೆಂಡಿರಿಬ್ಬರೂ ಅದರ ಒಂದು ಹನಿ ಮುಟ್ಟಿದವರಲ್ಲ.

ಇಷ್ಟಕ್ಕೆಲ್ಲ ಕಾರಣ ನೀಲಾಂಬಿಕೆಯ ಬಾಯಿ. ವಿಜಯಪುರದ ಹೊರಗೆ ದ್ರಾಕ್ಷಿ ತೋಟದ ನಡುವೆ ವೈನು ತಯಾರಿಸುವ ಮೃಣಾಲಬಾಯಿ, ಬರುವ ಅತಿಥಿಗಳಿಗೆ ರೊಟ್ಟಿ ಊಟ ಬಡಿಸಲು ಒಂದು ಅಡುಗೆಮನೆ ತೆರೆದು ಅದನ್ನು ಕೈರುಚಿಗೆ ಹೆಸರಾದ ನೀಲಾಂಬಿಕೆಗೆ ವಹಿಸಬೇಕೆಂದಿದ್ದಳು. "ನಮ್ಮ ವೈನಿಗೆ ಯಾವ ಪಲ್ಯ ಹೊಂದತೈತಿ, ನಿಮಗ ಗೊತ್ತಿರಬೇಕಲ್ರಿ?" ಎಂದು ಅವಳು ಫೋನಿನಲ್ಲಿ ಕೇಳಿದಾಗ ನೀಲಾಂಬಿಕೆ ಹೋಳಿಗೆ ಬೇಯಿಸುತ್ತಿದ್ದಳು. "ಅದೇನ್ ದೊಡ್ಡ ಮಾತ್ರಿ," ಎಂದುಬಿಟ್ಟಳು. ಅವಳಿಗೆ ಗೊತ್ತಿದ್ದದ್ದು ವೈನಿನ ಬಾಟಲಿ ಗಾಜಿನದು ಎನ್ನುವುದಷ್ಟೇ. ಆದರೆ ಆ ಅಡುಗೆಮನೆಯ ಬೀಗದಕೈ ತನ್ನ ಸೊಂಟದಲ್ಲಿರುತ್ತದೆ ಎಂಬ ಆಸೆ ಬಾಯಿಗಿಂತ ಮುಂದೆ ಓಡಿತ್ತು. ಇಷ್ಟು ವಯಸ್ಸಾದರೂ ತನ್ನದು ಎನ್ನುವ ಒಂದು ಬಾಗಿಲು ಅವಳಿಗೆ ಇರಲಿಲ್ಲ.

ಭಾನುವಾರ ತೋಟದ ಪಡಸಾಲೆಯಲ್ಲಿ ಅತಿಥಿಗಳು ಕುಳಿತಿದ್ದರು. ಸಾಲಾಗಿ ನಿಂತ ಬಾಟಲಿಗಳ ಪಕ್ಕ ರಸಿಕನನ್ನೂ ತಂದು ನಿಲ್ಲಿಸಿದ್ದರು. ಇವತ್ತಿನ ಊಟ ಒಪ್ಪಿಗೆಯಾದರೆ ಅಡುಗೆಮನೆ ನೀಲಾಂಬಿಕೆಯದು. ಇಸ್ತ್ರಿ ಮಾಡಿದ ಇಳಕಲ್ ಸೀರೆಯಲ್ಲಿ ಅವಳು ವೈನು ಬಲ್ಲವರ ಮುಖ ಮಾಡಿಕೊಂಡು ನಿಂತಳು. ಅಂಥವರ ಮುಖ ಹೇಗಿರುತ್ತದೆಂದು ತಿಳಿಯದ್ದರಿಂದ ಹಲ್ಲುನೋವು ಬಂದವಳಂತೆ ಕಾಣುತ್ತಿದ್ದಳು.

ಕಡಲೆಹಿಟ್ಟು ತಿರುವಿ ಮಾಡಿದ ಜುಣಕದ ತಟ್ಟೆ ಬಂತು. ಕಹಳೆ ಮೂಸಿತು.

"ಜುಣಕ. ಬಿಳಿ ವೈನ್."

ಮೃಣಾಲಬಾಯಿ ತಲೆದೂಗಿದಳು. ರಸಿಕ ನಿಲ್ಲಲಿಲ್ಲ.

"ಗಂಟಾಗೇತಿ. ಹೊರಗ ಕೂತು ಪೇಪರ್ ಓದೋ ಮನಷ್ಯಾ ಒಂದ್ ಸಲ ಬಂದು ತಿರುವಿದ್ರ ಏನ್ ಕೈ ಸವೀತಿತ್ತಾ?"

ಚನ್ನಮಲ್ಲಪ್ಪ ಕೆಮ್ಮಿದ. "ಇದನ್ನ ಯಾವಾಗ ಕಲೀತು?"

"ರೀ, ಬಂದ್ ಮಾಡ್ರಿ ಅದನ್ನ."

"ಬಂದ್ ಮಾಡೂ ಗುಂಡಿ ಇನ್ನೂ ಕೂಡಿಸಿಲ್ಲ."

ಕಹಳೆ ಹೋಳಿಗೆಯತ್ತ ತಿರುಗಿತು. ನೀಲಾಂಬಿಕೆ ಸೆರಗಿನಿಂದ ತಟ್ಟೆ ಮುಚ್ಚಲು ಹೋದಳು. ತಡವಾಗಿತ್ತು.

"ಹೋಳಿಗಿ. ಗುಲಾಬಿ ವೈನ್. ನಾದಿನಿ ಬಂದ್ರ ತುಪ್ಪ ಕಡಿಮಿ ಹಾಕಬೇಕು. ಅಯ್ಯ ಶಿವನ, ವೈನ್ ಬಗ್ಗಿ ನನಗೇನೂ ಗೊತ್ತಿಲ್ಲ, ಸುಳ್ಳ ಹೇಳೀನಿ. ಆದ್ರೂ ಆ ಅಡಗಿ ಖೋಲಿ ನನಗ ಬೇಕು."

ಅತಿಥಿಗಳೆಲ್ಲ ಅವಳತ್ತ ತಿರುಗಿದರು. ತನ್ನ ಧ್ವನಿ ಇಷ್ಟು ಸ್ಪಷ್ಟವಾಗಿದೆಯೆಂದು ನೀಲಾಂಬಿಕೆಗೆ ಅವತ್ತೇ ಗೊತ್ತಾದದ್ದು.

ಮೃಣಾಲಬಾಯಿ ಒಂದು ಬಾಟಲಿಗೆ ಕೈಚಾಚಿದಳು. ರಸಿಕನ ಕಬ್ಬಿಣದ ಕೈಗಳು ಸರ್ರನೆ ಚಾಚಿ ಅಷ್ಟೂ ಬಾಟಲಿಗಳನ್ನು ಅವಚಿಕೊಂಡವು.

"ಎಡಿ ಆಗಿಲ್ಲ. ಯಾರೂ ಕೈ ಹಚ್ಚಬ್ಯಾಡ್ರಿ."

ಒಬ್ಬ ಅತಿಥಿ ಮೆಲ್ಲಗೆ ಒಂದು ಬಾಟಲಿ ಎಳೆಯಲು ನೋಡಿದ. ರಸಿಕ ಒಂದು ಕೈಯಲ್ಲಿ ಬಾಟಲಿಗಳನ್ನು ಅವಚಿಕೊಂಡೇ ಇನ್ನೊಂದರಿಂದ ಪಲ್ಯದ ಸೌಟು ಎತ್ತಿ ಅವನ ಕೈಗೆ ಏಟು ಕೊಟ್ಟ. ಮನೆಯಲ್ಲಿ ಚನ್ನಮಲ್ಲಪ್ಪನಿಗೆ ಬೀಳುವ ಏಟೇ ಅದು, ಅದೇ ಜಾಗಕ್ಕೆ. ಇನ್ನೊಬ್ಬ ರೊಟ್ಟಿ ಮುರಿಯಹೋಗಿ ತಾನೂ ಒಂದು ಏಟು ತಿಂದ.

"ಒಂದ್ ಎಡಿ ಹಿಡದ್ ಬಿಡು ಮಾರಾಯ್ತಿ," ಎಂದ ಚನ್ನಮಲ್ಲಪ್ಪ.

"ದೇವರ ಮುಂದ ವೈನ್ ಇಡ್ಲ್ಯಾ? ನಿಮ್ಮವ್ವ ಕೈಲಾಸದಿಂದ ಇಳದ್ ಬರ್ತಾಳ."

"ಹಂಗಾರ ಏನ್ ಇಡೂದು?"

ಸಿಟ್ಟು, ನಾಚಿಕೆ ಎರಡೂ ಒಟ್ಟಿಗೆ ಏರಿ ನೀಲಾಂಬಿಕೆ ಹಂಡೆಯ ಎದುರು ನಿಂತಳು. "ಎಲ್ಲಾ ತಿಳದಾಕಿ ನೀನ ಹೇಳವಾ. ದೇವರ ಊಟಕ್ಕ ಏನ್ ಹೊಂದತೈತಿ?"

ಕಹಳೆ ಎಲ್ಲ ತಟ್ಟೆಗಳನ್ನೂ ಒಂದು ಸುತ್ತು ಮೂಸಿತು.

"ಮಜ್ಜಿಗಿ."

ಎಲ್ಲಿಂದಲೋ ಮೊಸರು ತಂದು ಕಡೆದರು. ಆಫೀಸಿನ ಗೋಡೆಯ ಮೇಲಿದ್ದ ಶಿವನ ಪಟದ ಮುಂದೆ ನೀಲಾಂಬಿಕೆ ರೊಟ್ಟಿ, ಪಲ್ಯ, ಮಜ್ಜಿಗೆ ಇಟ್ಟು ಎಡೆ ಹಿಡಿದಳು. ಸೌಟಿನ ಭಯಕ್ಕೆ ಅತಿಥಿಗಳೆಲ್ಲ ಎದ್ದು ಕೈಮುಗಿದರು. ಆಮೇಲೆ ರಸಿಕ ಬಾಟಲಿಗಳನ್ನು ಬಿಟ್ಟು ತಾನೂ ಕೈ ಜೋಡಿಸಿದ. ಹಸಿದಿದ್ದ ಜನ ಊಟದ ಮೇಲೆ ಬಿದ್ದರು. ಬುಟ್ಟಿಯಲ್ಲಿ ರೊಟ್ಟಿ ಉಳಿಯಲಿಲ್ಲ, ಬಾಟಲಿಯಲ್ಲಿ ವೈನೂ ಉಳಿಯಲಿಲ್ಲ.

"ಅಕ್ಕಾರ, ಖರೇನ ನಿಮಗ ವೈನ್ ಗೊತ್ತಿಲ್ಲೇನ್ರಿ?" ಮೃಣಾಲಬಾಯಿ ಕೇಳಿದಳು.

ಹಂಡೆ ಹೇಳುವ ಮೊದಲು ತಾನೇ ಹೇಳುವುದು ಮೇಲೆನಿಸಿತು. "ಇಲ್ರಿ ಬಾಯಾರ."

"ನನಗೂ ಜುಣಕ ಮಾಡಾಕ ಬರಂಗಿಲ್ಲ. ತಗೊರಿ ಬೀಗದಕೈ. ಆದ್ರ ಇದೂ ಇಲ್ಲೇ ಇರ್ಲಿ. ಕುಡಿಯಾಕ ಬಂದವ್ರು ಇಷ್ಟ್ ಶಿಸ್ತಿಲೆ ನಿಂತದ್ದು ನಾ ನೋಡೇ ಇಲ್ಲ."

ಈಗ ದೂರದೂರದಿಂದ ಬಂದವರು ಚಪ್ಪಲಿ ಬಿಟ್ಟು, ಕೈಮುಗಿದು, ಮಜ್ಜಿಗೆಯ ಎಡೆಯಾಗುವ ತನಕ ಕಾಯುತ್ತಾರೆ. ವೈನಿಗೆ ಮೊದಲು ಮಜ್ಜಿಗೆ ಕುಡಿಯುವುದು ಈ ಕಡೆಯ ಪುರಾತನ ಪದ್ಧತಿಯೆಂದು ಒಬ್ಬರಿಗೊಬ್ಬರು ವಿವರಿಸುತ್ತಾರೆ.

ಚನ್ನಮಲ್ಲಪ್ಪ ಕೊನೆಗೊಮ್ಮೆ ಗುಂಡಿ ತಯಾರಿಸಿ ತಂದ. "ಕೂಡಿಸ್ಲೇನ ನೀಲಾ? ಇದರ ಬಾಯಿ ಬಂದ್ ಆಗತೈತಿ."

"ಬ್ಯಾಡ್ರಿ," ಎಂದಳು ನೀಲಾಂಬಿಕೆ, ಸೊಂಟದ ಬೀಗದಕೈ ಸರಿಮಾಡಿಕೊಳ್ಳುತ್ತ. "ಮದುವ್ಯಾಗಿ ಬಂದಾಗಿಂದ ನಾನೂ ಇದ ಮಾತ ಹೇಳಕೋತ ಬಂದೀನಿ. ಹಂಡೆ ಹೇಳಿದ ಮ್ಯಾಲ ಮಂದಿ ಕೇಳಾಕತ್ತಾರ."