ಮಾವನ ಬ್ರೇಕ್ ಪರೀಕ್ಷೆ

ನಮ್ಮ ಮಾವನಿಗೆ ಗಾಡಿ ಓಡಿಸುವುದರಲ್ಲಿ ಒಂಚೂರೂ ಆಸಕ್ತಿ ಇರಲಿಲ್ಲ. ಇಪ್ಪತ್ತು ವರ್ಷ ಅವರು ಗಾಡಿ ಓಡಿಸಿದ್ದೆಲ್ಲ ಅದನ್ನು ನಿಲ್ಲಿಸುವ ಸುಖಕ್ಕೆ! ನಂಬುವುದಿಲ್ಲವೇ? ಓಡದ ಗಾಡಿಯನ್ನು ನಿಲ್ಲಿಸುವುದಾದರೂ ಹೇಗೆ ಹೇಳಿ? ಅದಕ್ಕೇ ಪಾಪ, ಅಷ್ಟು ದೂರ ಓಡಿಸುತ್ತಿದ್ದರು.

ಮಾವ ಅಂದರೆ ಅಮ್ಮನ ತಮ್ಮ. ಅಪ್ಪ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಆಗಿನಿಂದ ಅಮ್ಮನೂ ನಾನೂ ಚನ್ನಗಿರಿಯಲ್ಲಿ ಮಾವನ ಮನೆಯಲ್ಲೇ ಇದ್ದೆವು. ಮಾವ ಮದುವೆಯಾಗಲಿಲ್ಲ. ಒಂದು ಅಡಿಕೆ ಮಂಡಿಯ ಪರವಾಗಿ ಹಳ್ಳಿ ಹಳ್ಳಿ ಸುತ್ತಿ ಮಾಲು ನೋಡಿಕೊಂಡು ಬರುವುದು ಅವರ ಕೆಲಸ. ಅದಕ್ಕೊಂದು ಮುನ್ನೂರೈವತ್ತು ಸಿಸಿಯ ಹಳೇ ಮೋಟರ್ ಸೈಕಲ್. ಬಸ್‌ಸ್ಟ್ಯಾಂಡಿನ ಹತ್ತಿರ ಅದರ ಸದ್ದು ಕೇಳಿದಾಗಲೇ ಅಮ್ಮ ಸಾರು ಬಿಸಿಗಿಡುತ್ತಿದ್ದಳು.

ಭಾನುವಾರ ಬಂತೆಂದರೆ ಮಾವ ಅಂಗಳದಲ್ಲಿ ಗೋಣಿಚೀಲ ಹಾಸಿ ಚಕ್ರ ಬಿಚ್ಚುತ್ತಿದ್ದರು. ಆಗಿನ ಗಾಡಿಗಳಿಗೆಲ್ಲ ಡ್ರಮ್ ಬ್ರೇಕು. ಚಕ್ರದ ನಡುವೆ ಒಂದು ಡಬ್ಬಿ, ಅದರೊಳಗೆ ಅರ್ಧಚಂದ್ರದಂಥ ಎರಡು ಶೂ. ಬ್ರೇಕ್ ಒತ್ತಿದರೆ ಅವು ಅಗಲವಾಗಿ ಡಬ್ಬಿಯ ಗೋಡೆಗೆ ಒತ್ತಿಕೊಂಡು ಚಕ್ರವನ್ನು ಹಿಡಿಯುತ್ತವೆ. ನನ್ನ ವಾರಿಗೆಯ ಹುಡುಗಿಯರು ರಂಗೋಲಿ ಕಲಿಯುವಾಗ ನಾನು ಇದನ್ನು ಕಲಿತೆ! ಮಾವ ಆ ಶೂಗಳ ಧೂಳು ಊದಿ, ಉಪ್ಪುಕಾಗದದಿಂದ ಉಜ್ಜಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು.

"ಅದಕ್ಕೆ ಮಾಡೋ ಉಪಚಾರ ಒಬ್ಬ ಹೆಂಡ್ತಿಗೆ ಮಾಡಿದ್ರೆ ಇಷ್ಟೊತ್ತಿಗೆ ಮನೆ ತುಂಬ ಮಕ್ಕಳಿರ್ತಿದ್ವು," ಎನ್ನುತ್ತಿದ್ದಳು ಅಮ್ಮ.

"ಇದು ಕಿರುಗುಟ್ಟಿದ್ರೆ ಉಪ್ಪುಕಾಗದ ಹಾಕಿ ಉಜ್ಜಬಹುದಲ್ಲಕ್ಕ," ಎನ್ನುತ್ತಿದ್ದರು ಮಾವ.

ಅವರ ಗಾಡಿಯ ಬ್ರೇಕ್ ಎಡಗಾಲಿನ ಕೆಳಗಿತ್ತು. ಆ ಎಡಗಾಲು ಗಾಡಿ ಇಳಿದ ಮೇಲೂ ಡ್ಯೂಟಿ ಬಿಡುತ್ತಿರಲಿಲ್ಲ. ಒಮ್ಮೆ ದಾವಣಗೆರೆ ಬಸ್ಸಿನಲ್ಲಿ ಪ್ರತಿ ತಿರುವಿಗೂ ಒತ್ತಿ ಒತ್ತಿ, ಮುಂದಿನ ಸೀಟಿನ ಹೆಂಗಸು ಸೀಟಿನ ಕೆಳಗಿಟ್ಟಿದ್ದ ಚೀಲದ ಟೊಮೆಟೊ ಎಲ್ಲ ಗೊಜ್ಜಾಯಿತು. ಕಂಡಕ್ಟರ್ ಬಂದು, "ಯಜಮಾನ್ರೆ, ಬ್ರೇಕ್ ಹಾಕಾಕೆ ಅಂತ ಡ್ರೈವರ್ ಅದಾನೆ, ನೀವು ಆರಾಮ ಕೂತ್ಕಳ್ರಿ," ಎಂದ. ಮಾವ, "ಅವನು ತಡ ಮಾಡ್ತಾನಪ್ಪ," ಎಂದರು.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಎಂಬತ್ತರ ದಶಕದಲ್ಲಿ ನನಗೆ ಗಂಡು ನೋಡಲು ಶುರುಮಾಡಿದರಲ್ಲ, ಆಗ ಬಂತು ನೋಡಿ ಪೀಕಲಾಟ! ಬೇರೆಯವರು ಜಾತಕ ನೋಡುತ್ತಾರೆ, ಜಮೀನು ನೋಡುತ್ತಾರೆ. ಮಾವ ಮನೆ ಮುಂದೆ ಒಂದು ಸುಣ್ಣದ ಗೆರೆ ಎಳೆದರು. ಬಂದ ಗಂಡು ತನ್ನ ಗಾಡಿಯಲ್ಲಿ ಮಾವನನ್ನು ಹಿಂದೆ ಕೂರಿಸಿಕೊಂಡು ಊರಾಚೆಗೆ ಒಂದು ಸುತ್ತು ಹೋಗಿ ಬರಬೇಕು. ಮುಂದಿನ ಚಕ್ರ ಗೆರೆಯ ಮೇಲೇ ನಿಲ್ಲಬೇಕು, ಮಾವನ ಮೈ ಅಲುಗಬಾರದು.

ಮೊದಲು ಬಂದವನು ಜಗಳೂರು ಕಡೆಯ ಬಿಳಿಚೋಡಿನವನು. ಗೆರೆ ಹತ್ತಿರ ಬಂದಂತೆ ಎರಡೂ ಕಾಲು ನೆಲಕ್ಕೆ ಕೊಟ್ಟು, ಚಪ್ಪಲಿ ಉಜ್ಜಿಕೊಂಡು ನಿಂತ. ಮಾವ ಇಳಿದು ಅವನ ಚಪ್ಪಲಿಯನ್ನೇ ನೋಡುತ್ತಾ, "ಒಂದು ಜೊತೆ ಎಷ್ಟು ದಿನ ಬರ್ತಾವ್ರೀ?" ಎಂದು ಕೇಳಿದರು. ಅಲ್ಲಿಗೆ ಆ ಸಂಬಂಧ ಮುಗಿಯಿತು. ಎರಡನೆಯವನು ಹೊನ್ನಾಳಿಯ ಬಟ್ಟೆ ಅಂಗಡಿಯವನು. ಅವನು ಒತ್ತಿದ ರಭಸಕ್ಕೆ ಮಾವನ ಟೋಪಿ ಪಕ್ಕದ ಮನೆಯ ಎಮ್ಮೆಯ ಮುಂದೆ ಹೋಗಿ ಬಿತ್ತು. "ಸಿಟ್ಟಿನ ಮನುಷ್ಯ," ಎಂದು ಅವನನ್ನೂ ಕಳಿಸಿದರು.

ಅಮ್ಮನಿಗೆ ರೇಗಿತು. "ನಾವು ಹುಡುಕ್ತಿರಾದು ಗಂಡನ್ನೋ, ಡ್ರೈವರ್‌ನೋ?"

"ಓಡ್ಸುವಾಗ ಎಲ್ಲಾರೂ ಶೂರರೇ ಅಕ್ಕ. ನಿಲ್ಲಿಸುವಾಗ ಮನುಷ್ಯ ಗೊತ್ತಾಗ್ತಾನೆ," ಎಂದರು ಮಾವ.

ಮೂರನೆಯವರು ನ್ಯಾಮತಿಯಿಂದ ಬಂದ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಗಡಿಬಿಡಿಯಲ್ಲಿ ನಾನು ಕಾಫಿಗೆ ಸಕ್ಕರೆಯನ್ನೇ ಹಾಕಿರಲಿಲ್ಲ. ಅವರು ಮುಖ ಒಂದಿಷ್ಟೂ ಹುಳ್ಳಗೆ ಮಾಡದೆ ಪೂರ್ತಿ ಕುಡಿದು, ಲೋಟ ಕೊಡುವಾಗ ನನಗೊಬ್ಬಳಿಗೇ ಕೇಳುವಂತೆ, "ಇನ್ನೊಂದು ಲೋಟ ಮಾತ್ರ ಬ್ಯಾಡ ರೀ," ಎಂದರು. ಇವರನ್ನೇ ಮದುವೆಯಾಗಬೇಕು ಎಂದು ನಾನು ಒಳಗೆ ಹೋಗುವಷ್ಟರಲ್ಲಿ ನಿರ್ಧರಿಸಿಬಿಟ್ಟಿದ್ದೆ.

ಅಷ್ಟರಲ್ಲಿ ಮಾವ ಶುರುಮಾಡಿದರು. "ನಿಮ್ಮ ಗಾಡಿ ಬ್ರೇಕ್ ಹೆಂಗೈತೆ?"

"ಪರವಾಗಿಲ್ಲ ರೀ. ಆದ್ರೆ ಡ್ರಮ್ಮು ಹಳೇ ಕಾಲದ್ದಾತು. ಹೊರದೇಶದಾಗೆ ಡಿಸ್ಕ್ ಬ್ರೇಕ್ ಬಂದು ಭಾಳ ದಿನ ಆತು. ಮುಂದೆ ಇಲ್ಲೂ ಅದೇ ಬರ್ತೈತೆ."

ಅಯ್ಯೋ ದೇವರೇ, ಯಾರ ಮುಂದೆ ಯಾವ ಮಾತು! ಬಾಗಿಲ ಹಿಂದೆ ನಿಂತಿದ್ದ ನಾನು ಹಣೆ ಚಚ್ಚಿಕೊಂಡೆ. ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಉಪ್ಪಿಟ್ಟಿನ ಖಾಲಿ ತಟ್ಟೆಯನ್ನು ನಿಲ್ಲಿಸಿ ತಿರುಗಿಸಿ, ಅಂಚನ್ನು ಎರಡೂ ಕಡೆಯಿಂದ ಬೆರಳಲ್ಲಿ ಹಿಡಿದು ನಿಲ್ಲಿಸಿ ತೋರಿಸಿದರು. "ಇದೇ ಡಿಸ್ಕ್ ಅನ್ಕಳ್ರಿ. ಬಯಲಾಗೆ ಇರ್ತೈತಲ್ಲ, ಬಿಸಿ ಆದ್ರೆ ಗಾಳಿಗೆ ಆರ್ತೈತೆ, ನೀರು ಬಿದ್ರೆ ಸಿಡಿದು ಹೋಗ್ತೈತೆ. ಡ್ರಮ್ಮಿನೊಳಗೆ ನೀರು ಹೊಕ್ರೆ ಬ್ರೇಕ್ ಹಿಡಿಯಲ್ಲ."

"ಮನೆ ಒಲೆನ ಯಾರಾದ್ರೂ ಬೀದಿಗೆ ತಂದಿಡ್ತಾರೇನ್ರಿ? ಬ್ರೇಕ್ ಅಂದ್ರೆ ಒಳಗೇ ಇರ್ಬೇಕು."

"ಒಳಗಿಟ್ರೆ ಬಿಸಿ ಎಲ್ಲಿಗೆ ಹೋಗ್ಬೇಕು ರೀ?"

ಮಾವನಿಗೆ ತಿರುಗಿ ಪ್ರಶ್ನೆ ಹಾಕಿದವರು ಚನ್ನಗಿರಿಯಲ್ಲೇ ಇರಲಿಲ್ಲ. ಅವರು ಟೋಪಿ ಸರಿಮಾಡಿಕೊಂಡು ಎದ್ದರು. "ನಡೀರಿ. ಗಾಡಿ ತೆಗೀರಿ."

ಹದಿನೈದು ನಿಮಿಷದ ದಾರಿ. ಒಂದು ಗಂಟೆಯಾದರೂ ಸುಳಿವಿಲ್ಲ. ಅಮ್ಮ ಹತ್ತು ಸಲ ಬಾಗಿಲಿಗೆ ಹೋಗಿ ಬಂದಳು. ಕೊನೆಗೆ ಇಬ್ಬರೂ ಗಾಡಿ ತಳ್ಳಿಕೊಂಡು ನಡೆದೇ ಬಂದರು. ತಲೆಯಲ್ಲೆಲ್ಲ ಹುಲ್ಲು, ಬಟ್ಟೆಯೆಲ್ಲ ಕೆಸರು. ಸುಣ್ಣದ ಗೆರೆಯನ್ನು ಇಬ್ಬರೂ ನೋಡದೆ ತುಳಿದುಕೊಂಡು ಒಳಗೆ ಬಂದರು.

ಮೇಷ್ಟ್ರು ತಲೆ ತಗ್ಗಿಸಿ ಅಮ್ಮನಿಗೆ ಹೇಳಿದರು. "ತಪ್ಪು ನಂದೇ ರೀ. ನಾಲೆ ನೀರು ರಸ್ತೆಗೆ ಬಂದಿತ್ತು. ದಾಟಿದ್ಮೇಲೆ ಸ್ವಲ್ಪ ಬ್ರೇಕ್ ಒತ್ತಿ ಒಣಗಿಸ್ಕಬೇಕಿತ್ತು, ಮರ್ತೆ. ಆಡು ಅಡ್ಡ ಬಂದ್ವು, ಬ್ರೇಕ್ ಹಿಡೀಲಿಲ್ಲ. ಹುಲ್ಲಿನ ಬಣವೆಗೆ ನುಗ್ಗಿಸಿದೆ. ಪುಣ್ಯಕ್ಕೆ ಇವರಿಗೇನೂ ಆಗಲಿಲ್ಲ."

ಮೇಷ್ಟ್ರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಅಮ್ಮ, "ಹೋತು, ಇದೂ ಹೋತು," ಎಂದು ಅಲ್ಲೇ ಕುಸಿದು ಕೂತಳು. ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಸೀದಾ ಮಾವನ ಮುಂದೆ ಹೋಗಿ ನಿಂತೆ.

"ಮಾವ, ನನಗೆ ಇವರೇ ಬೇಕು."

ಮಾವ ಜಗಲಿಯ ಮೇಲೆ ಕೂತರು. "ಅವನಿಗೆ ಬ್ರೇಕ್ ಹಾಕಾಕೆ ಬರಲ್ಲ," ಎಂದರು. ನನಗೆ ಅಳುವೇ ಬಂತು.

"ಕೇಳಿಲ್ಲಿ. ಗಾಡಿ ನಿಲ್ಲಲ್ಲ ಅಂತ ಗೊತ್ತಾದ ಕೂಡ್ಲೆ ಎಡಗೈನ ಹ್ಯಾಂಡಲ್ ಬಿಟ್ಟು ತೆಗೆದ. ಗಾಡಿ ಓಡ್ಸಾಕೆ ಬರೋನು ಯಾರೂ ಹಂಗೆ ಮಾಡಲ್ಲ. ಆ ಕೈನ ಹಿಂದಕ್ಕೆ ತಂದು ನನ್ನ ಮೊಣಕಾಲು ಹಿಡ್ಕಂಡ. ಬಣವೆಯಾಗೆ ಬಿದ್ಮೇಲೂ ಬಿಟ್ಟಿರಲಿಲ್ಲ."

"ಮತ್ತೆ ಅವನ ಡಿಸ್ಕ್ ಬ್ರೇಕು?" ಎಂದಳು ಅಮ್ಮ, ಮೆಲ್ಲಗೆ.

"ಅದನ್ನ ಮದುವೆ ಆದ್ಮೇಲೆ ನಾನೇ ನೋಡ್ಕಂತೀನಿ. ಬ್ರೇಕ್ ಹಾಕಾದೂ ನಾನೇ ಕಲಿಸ್ತೀನಿ," ಎಂದರು ಮಾವ. ಆಮೇಲೆ ನನ್ನ ಮುಖ ನೋಡದೆ ಹೇಳಿದರು. "ಇಷ್ಟು ವರ್ಷ ಎಲ್ಲಾರ್ನೂ ಹಿಂದೆ ಕೂರಿಸ್ಕಂಡು ತಿರುಗೀನಿ. ನಾನೆಲ್ಲಿ ಬಿದ್ದೇನೋ ಅಂತ ನನಗೋಸ್ಕರ ಯಾರೂ ಹೆದರಿದ್ದಿಲ್ಲ ಕಣವ್ವ."

ನನಗೆ ನಾಚಿಕೆಯಾಯಿತು. ಹೌದಲ್ಲ, ನಾವು ಯಾರೂ ಹೆದರಿರಲಿಲ್ಲ. ನಾನು ಅವರ ಕಾಲ ಬಳಿ ಕೂತು ಪಂಚೆಗೆ ಅಂಟಿದ್ದ ಹುಲ್ಲನ್ನು ಒಂದೊಂದೇ ತೆಗೆದೆ. ಮೊಣಕಾಲಿನ ಮೇಲೆ ಐದು ಬೆರಳಿನ ಕೆಸರಿನ ಗುರುತು ಹಾಗೇ ಇತ್ತು. ಸೆರಗಿನಿಂದ ಒರೆಸಲು ಹೋದೆ. ಮಾವ ನನ್ನ ಕೈ ಸರಿಸಿ, "ಅದೊಂದು ಇರ್ಲಿ ಬಿಡವ್ವ," ಎಂದರು.